ತೆಂಗಿನ ಸಕ್ಕರೆಯಲ್ಲಿ ಶುಂಠಿ-ಚಕ್ಕೆ ಬಿಸ್ಕೆಟ್: ಪ್ಯಾಕೆಟಿನ ಒಳಗಿರುವುದು ಒಳ್ಳೆಯದು, ಬೆನ್ನಿಗೆ ಬರೆದದ್ದು ಸಾಲದು

ಕಾಸರಗೋಡಿನಿಂದ ಮಂಜೇಶ್ವರದವರೆಗಿನ ಪೇಟೆಗಳಲ್ಲಿ ತೆಂಗಿನ ಸಕ್ಕರೆಯ ಪ್ಯಾಕೆಟ್‌ಗಳು ಈಗ ಬೆಲ್ಲದ ಪಕ್ಕದಲ್ಲೇ ಕಾಣಸಿಗುತ್ತವೆ. ಇಲ್ಲಿ ಪರೀಕ್ಷಿಸಿದ್ದು ಅಂಥದೊಂದು 500 ಗ್ರಾಂ ಪ್ಯಾಕೆಟನ್ನು. ಆಸುಪಾಸಿನ ಊರಿನಲ್ಲೇ ತಯಾರಾದದ್ದು, ಬೆನ್ನಿನ ಮೇಲೆ ಶುಂಠಿ-ಚಕ್ಕೆ ಬಿಸ್ಕೆಟಿನ ರೆಸಿಪಿಯೊಂದನ್ನೂ ಅಚ್ಚು ಹಾಕಿಸಿಕೊಂಡು ಬಂದದ್ದು. ಸಕ್ಕರೆಯ ಬಗ್ಗೆ ದೂರಿಲ್ಲ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ರೆಸಿಪಿಯನ್ನು ಮಾತ್ರ ಅಲ್ಲಿ ಬರೆದ ಹಾಗೆಯೇ ಮಾಡಿದರೆ ಮೊದಲ ಟ್ರೇ ಹಾಳಾಗುವ ಸಾಧ್ಯತೆಯೇ ಹೆಚ್ಚು. ಆಗ ಬೈಗುಳ ಕೇಳುವುದು ಪಾಪದ ಸಕ್ಕರೆ. ಹಾಗಾಗಿ ಎರಡರ ವಿಮರ್ಶೆಯನ್ನೂ ಬೇರೆ ಬೇರೆಯಾಗಿ ಮಾಡಿ, ರೆಸಿಪಿಯನ್ನು ತೂಕದಲ್ಲಿ ತಿದ್ದಿ ಕೊಡುತ್ತಿದ್ದೇವೆ.

ಮೊದಲು ಸಕ್ಕರೆ. ಇನ್ನೂ ಅರಳದ ತೆಂಗಿನ ಹೊಂಬಾಳೆಯನ್ನು ಬಿಗಿದು ಕಟ್ಟಿ, ತುದಿ ಕೆತ್ತಿದಾಗ ತೊಟ್ಟಿಕ್ಕುವ ರಸವೇ ಇದರ ಮೂಲ. ರಸ ಹುಳಿಯತೊಡಗಿದರೆ ಕಳ್ಳಾಗುತ್ತದೆ, ಸಕ್ಕರೆಗೆ ಬರುವುದಿಲ್ಲ. ಹಿಂದೆ ಹುಳಿಯುವುದನ್ನು ತಡೆಯಲು ಮಡಕೆಯ ಒಳಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ (ಊರಿನವರ ಬಾಯಲ್ಲಿ ಸಿಪಿಸಿಆರ್‌ಐ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು) ಸುಣ್ಣವಿಲ್ಲದೆ ರಸ ಹಿಡಿಯುವ ದಾರಿ ತೋರಿಸಿತು. ಹೊಂಬಾಳೆಯ ತುದಿಗೆ ಸಿಕ್ಕಿಸುವ ಐಸ್ ತುಂಬಿದ ಪೆಟ್ಟಿಗೆ ಅದು. ರಸ ಬಿದ್ದ ಕ್ಷಣದಿಂದಲೇ ತಣ್ಣಗಿರುವುದರಿಂದ ಹುಳಿಯುವುದಿಲ್ಲ. ಆ ರಸಕ್ಕೆ ಸಂಸ್ಥೆ ಕೊಟ್ಟ ಹೆಸರು ಕಲ್ಪರಸ. ಅದನ್ನು ಕುದಿಸಿ, ಪಾಕ ಗಟ್ಟಿಯಾಗುತ್ತ ಬಂದಾಗ ಒಲೆಯಿಂದ ಇಳಿಸಿ, ಬಿಡದೆ ಕಲಕುತ್ತ ಹರಳುಗಟ್ಟಿಸಿದರೆ ಕಂದು ಸಕ್ಕರೆ. ಒಂದು ಕಿಲೋ ಸಕ್ಕರೆಗೆ ಸುಮಾರು 6ರಿಂದ 7 ಲೀಟರ್ ರಸ ಬೇಕು. ದಿನವೂ ಮರ ಹತ್ತುವ ಕೆಲಸ, ಐಸು, ಸೌದೆ ಅಥವಾ ಗ್ಯಾಸು, ಎಲ್ಲ ಸೇರಿ ಬೆಲೆ ಬಿಳಿ ಸಕ್ಕರೆಯ ಹಲವು ಪಟ್ಟು. ಬೆಲೆ ನೋಡಿ ಹುಬ್ಬೇರಿಸುವವರು ಈ ಲೆಕ್ಕವನ್ನೂ ನೋಡಬೇಕು.

ಪ್ಯಾಕೆಟ್ ಒಡೆದ ಕೂಡಲೇ ಬರುವುದು ಸುಟ್ಟ ಪಾಕದ ಪರಿಮಳ, ಹಿಂದೆ ಸಣ್ಣಗೆ ಹೊಗೆಯ ಎಳೆ. ತೆಂಗಿನಕಾಯಿಯ ವಾಸನೆ ಇಲ್ಲ. ಇರಬೇಕಾಗಿಯೂ ಇಲ್ಲ, ಏಕೆಂದರೆ ಇದು ಕಾಯಿಯಿಂದ ಬಂದದ್ದಲ್ಲ. ಬಿಳಿ ಕಾಗದದ ಮೇಲೆ ಒಂದು ಚಮಚ ಹರಡಿದರೆ ಕಾಳುಗಳು ಒಂದೇ ಸಮ ಇಲ್ಲದಿರುವುದು ಕಾಣುತ್ತದೆ. ಕೆಲವು ರವೆಯಷ್ಟು ಸಣ್ಣ, ಕೆಲವು ಸಾಸಿವೆ ಗಾತ್ರದ ಉಂಡೆ. ಆ ಉಂಡೆಯನ್ನು ಬೆರಳ ನಡುವೆ ಒತ್ತಿದರೆ ಹುಡಿಯಾಗಬೇಕು. ಅಂಟಿ ಎಳೆ ಬಂದರೆ ತೇವ ಜಾಸ್ತಿ ಎಂದರ್ಥ. ಈ ಪ್ಯಾಕೆಟಿನದು ಹುಡಿಯಾಯಿತು. ಬಿಳಿ ಹರಳುಗಳು ನಡುನಡುವೆ ಮಿನುಗಿದರೆ ಕಬ್ಬಿನ ಸಕ್ಕರೆ ಬೆರೆಸಿದ ಅನುಮಾನ ಪಡಬೇಕು. ಇದರಲ್ಲಿ ಹಾಗೇನೂ ಕಾಣಲಿಲ್ಲ. ಲೇಬಲ್ಲಿನಲ್ಲಿ ಪದಾರ್ಥದ ಜಾಗದಲ್ಲಿ ಇರುವುದು ಒಂದೇ ಹೆಸರು, ಅದೂ ಸರಿ. ಪ್ಯಾಕೆಟಿನಿಂದ ಪ್ಯಾಕೆಟಿಗೆ ಬಣ್ಣ ತುಸು ಹೆಚ್ಚುಕಡಿಮೆ ಆಗುತ್ತದೆ. ಕುದಿಸುವ ಕೆಲಸ ಕೈಯಳತೆಯದಾದ್ದರಿಂದ ಅದನ್ನು ದೋಷವೆಂದು ಹಿಡಿಯಬೇಕಿಲ್ಲ.

ಮಧುಮೇಹ ಇರುವವರಿಗೂ ತೊಂದರೆ ಇಲ್ಲ ಎಂಬ ಮಾತು ಈ ಸಕ್ಕರೆಯ ಜೊತೆಗೇ ಮಾರಾಟವಾಗುತ್ತಿದೆ. ಅದನ್ನು ನಂಬಿ ಕೊಳ್ಳಬಾರದು. ಇದರಲ್ಲಿ 70ರಿಂದ 80 ಶೇಕಡ ಇರುವುದು ಬಿಳಿ ಸಕ್ಕರೆಯಲ್ಲಿರುವ ಅದೇ ಸುಕ್ರೋಸ್. ಕೊಳ್ಳುವುದಿದ್ದರೆ ರುಚಿಗಾಗಿ ಕೊಳ್ಳಿ.

ಇನ್ನು ಬೆನ್ನಿನ ಬರಹ. ಮಲಯಾಳ ಮತ್ತು ಇಂಗ್ಲಿಷ್ ಎರಡರಲ್ಲಿ ಇದೆ, ಕನ್ನಡದಲ್ಲಿ ಇಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಮನೆಗಳಲ್ಲಿ ಅಡುಗೆಯ ಬರಹವನ್ನು ಕನ್ನಡದಲ್ಲೇ ಓದುವವರು ಎಷ್ಟು ಮಂದಿ ಇದ್ದಾರೆ ಎಂದು ಈ ಊರಿನ ತಯಾರಕರಿಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕು ಸಾಲು ಕನ್ನಡ ಹಾಕಲು ಪ್ಯಾಕೆಟಿನಲ್ಲಿ ಜಾಗವೂ ಇದೆ. ರೆಸಿಪಿಯ ಸಾರಾಂಶ ಹೀಗಿದೆ: ಮೈದಾ ಎರಡು ಕಪ್, ತೆಂಗಿನ ಸಕ್ಕರೆ ಒಂದು ಕಪ್, ಬೆಣ್ಣೆ ಅರ್ಧ ಕಪ್, ಮಸಾಲೆ ಹುಡಿ ಒಂದು ಚಮಚ, ಸೋಡಾ ಸ್ವಲ್ಪ, ಹದವಾಗಿ ಕಲಸಿ, ಹೊಂಬಣ್ಣ ಬರುವ ತನಕ ಬೇಯಿಸಿ.

ಇದರಲ್ಲಿ ಒಂದೊಂದು ಸಾಲೂ ಒಂದೊಂದು ತಪ್ಪಿಗೆ ದಾರಿ. 240 ಮಿ.ಲೀ. ಕಪ್ಪನ್ನು ಮೈದಾ ಡಬ್ಬಿಗೆ ಅದ್ದಿ ತುಂಬಿದರೆ 150 ಗ್ರಾಂ ಹಿಡಿಯುತ್ತದೆ. ಚಮಚದಲ್ಲಿ ಹಗುರವಾಗಿ ತುಂಬಿ ಮೇಲೆ ಸಮ ಮಾಡಿದರೆ 120 ಗ್ರಾಂ. ಎರಡು ಕಪ್ಪಿಗೆ 60 ಗ್ರಾಂ ವ್ಯತ್ಯಾಸ ಬಂತು. ಅರ್ಧ ಕಪ್ ಬೆಣ್ಣೆ ಸುಮಾರು 113 ಗ್ರಾಂ. ಹಗುರ ತುಂಬಿದವರ ಹಿಟ್ಟಿನಲ್ಲಿ ಬೆಣ್ಣೆ ಮೈದಾದ 47 ಶೇಕಡ, ಅದ್ದಿ ತುಂಬಿದವರಲ್ಲಿ 38 ಶೇಕಡ. ಮೊದಲಿನವರಿಗೆ ಬಿಸ್ಕೆಟ್ ಆಗುತ್ತದೆ, ಎರಡನೆಯವರಿಗೆ ಲಟ್ಟಿಸುವಾಗಲೇ ಬಿರುಕು ಬಿಟ್ಟ ಹುಡಿಹುಡಿ ಹಿಟ್ಟು. ಸಕ್ಕರೆಯದೂ ಇದೇ ಕತೆ. ಒಂದು ಕಪ್ ಬಿಳಿ ಸಕ್ಕರೆ 200 ಗ್ರಾಂ ತೂಗಿದರೆ, ಕಾಳಿನ ನಡುವೆ ಗಾಳಿ ಹೆಚ್ಚಿರುವ ತೆಂಗಿನ ಸಕ್ಕರೆ 150ರ ಆಸುಪಾಸು. ‘ಮಸಾಲೆ ಹುಡಿ’ ಎಂದರೆ ಯಾವುದು? ಚಕ್ಕೆ ಒಂದು ಚಮಚವಾದರೆ ಸೊಗಸು, ಲವಂಗ ಒಂದು ಚಮಚವಾದರೆ ಹಲ್ಲುನೋವಿನ ಎಣ್ಣೆಯ ರುಚಿ. ಎಲ್ಲಕ್ಕಿಂತ ದೊಡ್ಡ ಎಡವಟ್ಟು ‘ಹೊಂಬಣ್ಣ’ದ್ದು. ತೆಂಗಿನ ಸಕ್ಕರೆಯ ಹಿಟ್ಟು ಒಲೆಗೆ ಹೋಗುವ ಮೊದಲೇ ಕಂದು. ಹೊಂಬಣ್ಣಕ್ಕೆ ಕಾದು ಕೂತರೆ ಅದು ಯಾವತ್ತೂ ಬರುವುದಿಲ್ಲ, ಅಷ್ಟರಲ್ಲಿ ತಳ ಕರಿಯಾಗಿರುತ್ತದೆ. ಬಿಳಿ ಸಕ್ಕರೆಯ ರೆಸಿಪಿಯಲ್ಲಿ ಸಕ್ಕರೆಯ ಹೆಸರನ್ನಷ್ಟೇ ಬದಲಿಸಿದ್ದಾರೆ ಎನ್ನುವುದು ಇಲ್ಲೇ ಗೊತ್ತಾಗುತ್ತದೆ.

ಆದರೂ ಇಂಥ ಬರವಣಿಗೆ ಇವರೊಬ್ಬರ ಸೋಮಾರಿತನವಲ್ಲ. ಬರೆದಿಟ್ಟ ಅಡುಗೆಗಳ ಇತಿಹಾಸದ ಬಹುಭಾಗ ಹೀಗೇ ಸಾಗಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಬ್ಯಾಬಿಲೋನಿನ ಮಣ್ಣಿನ ಫಲಕಗಳು ಸುಮಾರು ಕ್ರಿ.ಪೂ. 1730ರವು, ನಮಗೆ ಸಿಕ್ಕಿರುವ ಅತಿ ಹಳೆಯ ಅಡುಗೆ ಬರಹಗಳ ಸಾಲಿನವು. ಹೆಚ್ಚಿನವು ಮಾಂಸದ ಸಾರುಗಳು. ಏನೇನು ಹಾಕಬೇಕೆಂದು ಇದೆ, ಎಷ್ಟು ಎಂದು ಬಹುಮಟ್ಟಿಗೆ ಇಲ್ಲ. ನಮ್ಮ ಕಡೆ ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಕೃಷಿ, ನೀರಿನ ಸೆಲೆ ಹುಡುಕುವ ವಿದ್ಯೆ, ಸುಗಂಧಗಳ ಜೊತೆಗೆ ಅಡುಗೆಗೂ ಒಂದು ಅಧ್ಯಾಯ ಸಿಕ್ಕಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂದು ಊಟದ ಸುಖವನ್ನೇ ವಿವರಿಸಿದ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದು, ಹಿಟ್ಟಿನ ತಿಂಡಿಗಳಿಗೆ ಮೊದಲ ಸ್ಥಾನ ಕೊಟ್ಟ. ಅಡುಗೆಯನ್ನು ಷಟ್ಪದಿಯಲ್ಲಿ ಹೇಳುವಾಗ ಕೇಳುವವರು ಅದನ್ನು ಬಾಯಿಪಾಠ ಮಾಡಬಲ್ಲರು. ಹದ ಎಷ್ಟೆಂಬುದು ಅವರ ಕೈಗೆ ಆಗಲೇ ಗೊತ್ತಿರುತ್ತದೆ. ಸಾರಿಗೆ ಅಷ್ಟು ಸಾಕು. ಉಪ್ಪು ಕಡಿಮೆಯಾದರೆ ಮತ್ತೊಮ್ಮೆ ಹಾಕಬಹುದು, ಕೊದ್ದೆಲು ಗಟ್ಟಿಯಾದರೆ ನೀರು ಬೆರೆಸಬಹುದು. ಬಿಸ್ಕೆಟ್ ಹಾಗಲ್ಲ. ಒಲೆಯ ಬಾಗಿಲು ಮುಚ್ಚಿದ ಮೇಲೆ ತಿದ್ದುಪಡಿಗೆ ಅವಕಾಶವೇ ಇಲ್ಲ. ಬೇಯಿಸುವ ತಿಂಡಿಗೆ ಅಳತೆ ಬೇಕೇ ಬೇಕಾಗುವುದು ಇದಕ್ಕೆ.

ಅಳತೆ ಕೊಟ್ಟ ಹಳೆಯ ಬಿಸ್ಕೆಟ್ ಬರಹಗಳಲ್ಲಿ ನಮಗೆ ತುಂಬ ಹತ್ತಿರದ್ದೆನಿಸುವುದು 1796ರಲ್ಲಿ ಅಮೆರಿಕದಲ್ಲಿ ಅಚ್ಚಾದ ಅಮೀಲಿಯಾ ಸಿಮನ್ಸ್ ಅವರ ಅಡುಗೆ ಪುಸ್ತಕದ್ದು. ಅದರಲ್ಲಿರುವ ಕ್ರಿಸ್‌ಮಸ್ ಕುಕ್ಕಿಗೆ 3 ಪೌಂಡ್ ಹಿಟ್ಟು, 1 ಪೌಂಡ್ ಬೆಣ್ಣೆ, ಒಂದೂವರೆ ಪೌಂಡ್ ಸಕ್ಕರೆ, ಹಾಲಿನಲ್ಲಿ ಕರಗಿಸಿದ 3 ಟೀ ಚಮಚ ಪರ್ಲ್‌ಆಶ್. ಪರ್ಲ್‌ಆಶ್ ಎಂದರೆ ಕಟ್ಟಿಗೆಯ ಬೂದಿಯಿಂದ ತೆಗೆದ ಕ್ಷಾರ, ಅಡುಗೆ ಸೋಡಾ ಬರುವ ಮೊದಲು ಹಿಟ್ಟು ಉಬ್ಬಿಸುತ್ತಿದ್ದದ್ದು. ಮಸಾಲೆ ಯಾವುದು ಗೊತ್ತೇ? ಒಂದು ಟೀ ಕಪ್ ನುಣ್ಣನೆ ಕೊತ್ತಂಬರಿ ಹುಡಿ! ಮುಕ್ಕಾಲು ಇಂಚು ದಪ್ಪ ಲಟ್ಟಿಸಿ, ನಿಧಾನ ಉರಿಯಲ್ಲಿ 15ರಿಂದ 20 ನಿಮಿಷ. ನಮ್ಮ ಲೆಕ್ಕಕ್ಕೆ ಇಳಿಸಿದರೆ 100 ಹಿಟ್ಟಿಗೆ 33 ಬೆಣ್ಣೆ, 50 ಸಕ್ಕರೆ. ಬೆಣ್ಣೆ ಕಡಿಮೆ ಇರುವುದರಿಂದ ಮೊದಲಿಗೆ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಆ ಲೇಖಕಿಯೂ ಮುಚ್ಚಿಡಲಿಲ್ಲ. ಮಣ್ಣಿನ ಭರಣಿಯಲ್ಲಿ ಹಾಕಿ ಒಣ ನೆಲಮಾಳಿಗೆಯಲ್ಲೋ ತೇವದ ಕೋಣೆಯಲ್ಲೋ ಇಟ್ಟರೆ ಆರು ತಿಂಗಳಿಗೆ ಇನ್ನೂ ಮೆತ್ತಗೆ, ಇನ್ನೂ ರುಚಿ ಎಂದು ಬರೆದಿದ್ದಾರೆ. ತೇವವನ್ನೇ ಉಪಾಯವಾಗಿ ಬಳಸಿದ ಆ ಸಾಲು ಕಾಸರಗೋಡಿನಲ್ಲಿ ಓದುವವರ ಗಮನ ಹಿಡಿಯದೆ ಇರದು. ಇಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಯಾವ ಕೋಣೆಯಾದರೂ ತೇವದ ಕೋಣೆಯೇ.

ಪದಾರ್ಥಗಳನ್ನು ಪ್ರಮಾಣದ ಸಮೇತ ಬೇರೆಯಾಗಿ ಪಟ್ಟಿ ಮಾಡಿ, ಬೇಯುವ ಹೊತ್ತನ್ನೂ ಸೇರಿಸಿ ಕೊಡುವ ಕ್ರಮವನ್ನು 1845ರಲ್ಲಿ ಇಂಗ್ಲೆಂಡಿನ ಎಲೈಜಾ ಆಕ್ಟನ್ ರೂಢಿಗೆ ತಂದರು. 1896ರಲ್ಲಿ ಬೋಸ್ಟನ್ನಿನ ಫ್ಯಾನಿ ಫಾರ್ಮರ್ ಕಪ್-ಚಮಚಗಳನ್ನು ತುಂಬಿ ಮೇಲ್ಭಾಗ ಸವರಿ ಸಮ ಮಾಡಬೇಕೆಂದು ಹಟ ಹಿಡಿದರು. ಇಂದು ರೆಸಿಪಿಗಳಲ್ಲಿ ಕಾಣುವ ‘ಕಪ್’ ಆ ದಾರಿಯಲ್ಲಿ ಬಂದದ್ದು. ಸಮ ಮಾಡುವ ಶಿಸ್ತು ಮಾತ್ರ ನಡುದಾರಿಯಲ್ಲಿ ಬಿಟ್ಟುಹೋಯಿತು. ನಮ್ಮಲ್ಲಿ ತೂಕ-ಅಳತೆಗಳ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ, ಕಾಸರಗೋಡು ದಕ್ಷಿಣ ಕನ್ನಡದಿಂದ ಬಿಟ್ಟು ಕೇರಳಕ್ಕೆ ಸೇರಿದ ವರ್ಷವೇ. ಅಂಗಡಿಯ ತಕ್ಕಡಿಗೆ ಗ್ರಾಂ ಬಂತು, ಅಡುಗೆಮನೆಯಲ್ಲಿ ಕುಡ್ತೆ, ಪಾವು ಉಳಿದವು. ಕುಡ್ತೆಯಲ್ಲಿ ಅಕ್ಕಿ ಅಳೆದು ಕಡುಬು ಮಾಡಲು ಏನೂ ಅಡ್ಡಿಯಿಲ್ಲ, ಮನೆಯ ಕುಡ್ತೆ ಒಂದೇ ಆಗಿರುವ ತನಕ. ಪ್ಯಾಕೆಟಿನ ಮೇಲೆ ಅಚ್ಚಾಗಿ ಸಾವಿರ ಮನೆಗೆ ಹೋಗುವ ರೆಸಿಪಿಗೆ ಆ ಸೌಲಭ್ಯವಿಲ್ಲ.

ಬರಹವೇ ಇಲ್ಲದೆ ಬೇಕರಿ ವಿದ್ಯೆ ಹಬ್ಬಿದ ಕಥೆಯೂ ನಮ್ಮ ತೆಂಕು ಬದಿಯಲ್ಲೇ ಇದೆ. ತಲಶೇರಿಯ ಮಂಬಳ್ಳಿ ಬಾಪು 1880ರಲ್ಲಿ ಬಿಸ್ಕೆಟ್ ಫ್ಯಾಕ್ಟರಿ ತೆರೆದರು. 1883ರಲ್ಲಿ ಅಂಜರಕಂಡಿಯ ಚಕ್ಕೆ ತೋಟದ ಬ್ರೌನ್ ದೊರೆ ತಂದುಕೊಟ್ಟ ಕೇಕಿನ ಮಾದರಿ ತಿಂದು, ಬಾಯಿಮಾತಿನ ವಿವರಣೆ ಕೇಳಿ, ಊರಿನ ಸಾಮಗ್ರಿಯಲ್ಲೇ ಕ್ರಿಸ್‌ಮಸ್ ಕೇಕ್ ಮಾಡಿಕೊಟ್ಟರು ಎಂಬುದು ಪ್ರಚಲಿತ ಕಥೆ. ಬರ್ಮಾದಲ್ಲಿ ಬಿಸ್ಕೆಟ್ ಕೆಲಸ ಕಲಿತು ಬಂದ ಕೈಗೆ ಅದು ಸಾಧ್ಯವಾಯಿತು. ಮೊದಲ ಬಾರಿ ಒಟಿಜಿ (ಮನೆಬಳಕೆಯ ಸಣ್ಣ ವಿದ್ಯುತ್ ಒಲೆ) ಕೊಂಡವರಿಗೆ ತೂಕವೇ ಬೇಕು.

ಹಾಗಾದರೆ ಸರಿಯಾದ ಲೆಕ್ಕ ಇದು: ಮೈದಾ 200 ಗ್ರಾಂ, ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ತೆಂಗಿನ ಸಕ್ಕರೆ 100 ಗ್ರಾಂ, ತಣ್ಣನೆಯ ಹಾಲು 20 ಮಿ.ಲೀ., ಬೇಕಿಂಗ್ ಪೌಡರ್ 3 ಗ್ರಾಂ, ಉಪ್ಪು 2 ಗ್ರಾಂ. ಮಸಾಲೆಗೆ ಒಣಶುಂಠಿ ಹುಡಿ 3 ಗ್ರಾಂ, ಚಕ್ಕೆ ಹುಡಿ 2 ಗ್ರಾಂ, ಏಲಕ್ಕಿ ಬೀಜ 1 ಗ್ರಾಂ, ಲವಂಗ ಐದು, ಒಳ್ಳೆಮೆಣಸಿನ ಹುಡಿ ಕಾಲು ಟೀ ಚಮಚ. ಮೊಟ್ಟೆ ಬೇಡ. ಒಟ್ಟು 430 ಗ್ರಾಂ ಹಿಟ್ಟು, 5 ಮಿ.ಮೀ. ದಪ್ಪ, 5 ಸೆಂ.ಮೀ. ಅಗಲಕ್ಕೆ ಕೊರೆದರೆ ತಲಾ 12 ಗ್ರಾಮಿನ ಸುಮಾರು 35 ಬಿಸ್ಕೆಟ್. ಮೈದಾ ಅರ್ಧ, ಗೋಧಿ ಹಿಟ್ಟು ಅರ್ಧ ಹಾಕಿದರೂ ಚೆನ್ನ, ಆಗ ಹಾಲನ್ನು 5 ಮಿ.ಲೀ. ಹೆಚ್ಚಿಸಬೇಕು, ತವುಡು ನೀರು ಕುಡಿಯುತ್ತದೆ. ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಮಸಾಲೆಯ 1-2 ಗ್ರಾಂ ತೂಗುವಾಗ ಹೆಚ್ಚುಕಡಿಮೆ ತೋರಿಸುತ್ತದೆ. ಮಸಾಲೆಯನ್ನು ಮೂರು ಪಟ್ಟು ತೂಗಿ ಹುಡಿ ಮಾಡಿಟ್ಟುಕೊಂಡು, ಒಂದು ಸಲಕ್ಕೆ ಮೂರನೇ ಒಂದು ಭಾಗ ಬಳಸುವುದು ಜಾಣತನ.

ಮಸಾಲೆ ಆರಿಸುವಾಗ ಚಕ್ಕೆಯ ಮೇಲೆ ಕಣ್ಣಿರಲಿ. ಪೇಟೆಯಲ್ಲಿ ಚಕ್ಕೆ ಎಂದು ಕೊಡುವುದು ಹೆಚ್ಚಾಗಿ ಕ್ಯಾಸಿಯಾ: ದಪ್ಪ, ಗಟ್ಟಿ, ಒಂದೇ ಪದರದ ತೊಗಟೆ. ನಿಜವಾದ ದಾಲ್ಚಿನ್ನಿ ಕಾಗದದಂಥ ತೆಳು ಪದರಗಳನ್ನು ಸುರುಳಿ ಸುತ್ತಿದ ಹಾಗಿರುತ್ತದೆ, ಕೈಯಲ್ಲೇ ಮುರಿಯುತ್ತದೆ, ಪರಿಮಳ ಸೌಮ್ಯ. ತೆಂಗಿನ ಸಕ್ಕರೆಯ ಗಾಢ ರುಚಿಯ ಎದುರು ನಿಲ್ಲುವುದು ಕ್ಯಾಸಿಯಾವೇ ಆದ್ದರಿಂದ, ಈ ಬಿಸ್ಕೆಟಿಗೆ ಅದನ್ನು ಹಾಕಿದರೆ ಕೀಳೇನಲ್ಲ. ದಾಲ್ಚಿನ್ನಿಯಾದರೆ 3 ಗ್ರಾಮಿಗೆ ಏರಿಸಿ. ಒಣಶುಂಠಿಯನ್ನು ಹುಡಿ ಮಾಡಿದ ಮೇಲೆ ಜರಡಿ ಹಿಡಿಯದಿದ್ದರೆ ನಾರು ಹಲ್ಲಿಗೆ ಸಿಗುತ್ತದೆ. ಹಸಿಶುಂಠಿಯ ರಸ ಹಾಕಬೇಡಿ, ಅದರ ನೀರು ಗರಿಗರಿಯನ್ನು ಕೆಡಿಸುತ್ತದೆ.

ಈಗ ಈ ಸಕ್ಕರೆಗೇ ವಿಶೇಷವಾದ ಹೆಜ್ಜೆ. ಹಾಗೇ ಬೆಣ್ಣೆಗೆ ಹಾಕಿ ಕಡೆದರೆ ದಪ್ಪ ಕಾಳು ಕರಗದೆ ಉಳಿದು, ಬೆಂದ ಬಿಸ್ಕೆಟಿನ ಮೇಲೆ ಕರಿ ಚುಕ್ಕೆಗಳಾಗುತ್ತವೆ. ಬೆಣ್ಣೆಯಲ್ಲಿರುವ ನೀರು ನೂರಕ್ಕೆ 16ರಷ್ಟು ಮಾತ್ರ, ಅಷ್ಟರಲ್ಲಿ ಕರಗಲು ಕಾಳು ಸಣ್ಣದಿರಬೇಕು. ಮಿಕ್ಸಿಯ ಒಣ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಹಿಟ್ಟಿನ ಜರಡಿಯಲ್ಲಿ ಇಳಿಸಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ ಸಕ್ಕರೆ ಅಡಿಗೆ ಅಂಟುತ್ತದೆ. ಹುಡಿ ಮಾಡಿದ್ದನ್ನು ಕೂಡಲೇ ಬಳಸಬೇಕು, ನಮ್ಮ ಹವೆಗೆ ಅರ್ಧ ಗಂಟೆ ತೆರೆದಿಟ್ಟರೂ ಗಂಟುಕಟ್ಟುತ್ತದೆ.

ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಬೆರಳಿಟ್ಟರೆ ಗುಳಿ ಬೀಳಬೇಕು, ಬೆರಳಿಗೆ ಎಣ್ಣೆ ಹೊಳೆಯಬಾರದು. ಹೊರದೇಶದ ರೆಸಿಪಿಗಳು ಬೆಣ್ಣೆಯನ್ನು ‘ಕೋಣೆಯ ಉಷ್ಣತೆಗೆ’ ತರಲು ಹೇಳುವಾಗ ಅವರ ಮನಸ್ಸಿನಲ್ಲಿರುವುದು 20 ಡಿಗ್ರಿಯ ಕೋಣೆ. ಕಾಸರಗೋಡಿನ ಏಪ್ರಿಲ್‌ನ 32 ಡಿಗ್ರಿಗೆ ಫ್ರಿಜ್ಜಿನಿಂದ ತೆಗೆದು ತುಂಡರಿಸಿ ಹತ್ತು ನಿಮಿಷ ಇಟ್ಟರೆ ಧಾರಾಳ. ಬೆಣ್ಣೆ ಮತ್ತು ಸಕ್ಕರೆ ಹುಡಿಯನ್ನು ಎರಡು ಮೂರು ನಿಮಿಷ ಮಾತ್ರ ಕಡೆಯಿರಿ. ಮಸಾಲೆಯನ್ನು ಮೈದಾದ ಬದಲು ಈ ಬೆಣ್ಣೆಗೇ ಸೇರಿಸಿ. ಚಕ್ಕೆ, ಲವಂಗದ ಪರಿಮಳ ಕೊಬ್ಬಿನಲ್ಲಿ ಬಿಟ್ಟುಕೊಳ್ಳುವಷ್ಟು ಬೇರೆಲ್ಲೂ ಬಿಡದು. ಆಮೇಲೆ ಮೈದಾ, ಉಪ್ಪು, ಬೇಕಿಂಗ್ ಪೌಡರನ್ನು ಒಟ್ಟಿಗೆ ಜರಡಿ ಹಿಡಿದು ಹಾಕಿ, ಹಾಲು ಚಿಮುಕಿಸಿ, ಹಿಟ್ಟು ಒಂದಾಗುವ ತನಕ ಒತ್ತಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಅಂಟು ಬೆಳೆದು ಬಿಸ್ಕೆಟ್ ಬೇಯುವಾಗ ಕುಗ್ಗುತ್ತದೆ, ಕಚ್ಚಲು ಗಟ್ಟಿ.

ಪ್ಯಾಕೆಟ್ ಸೋಡಾ ಹೇಳಿದ್ದರೂ ಇಲ್ಲಿ ಬೇಕಿಂಗ್ ಪೌಡರ್ ಹಾಕಲು ಕಾರಣವಿದೆ. ಸೋಡಾಕ್ಕೆ ಹುಳಿಯ ಜೊತೆ ಬೇಕು. ಮೊಸರೋ ನಿಂಬೆರಸವೋ ಇಲ್ಲದ ಈ ಹಿಟ್ಟಿನಲ್ಲಿ ಉಳಿದುಹೋದ ಸೋಡಾ ಬಾಯಿಗೆ ಸಾಬೂನಿನ ರುಚಿ ಕೊಡುತ್ತದೆ, ಕ್ಷಾರ ಹೆಚ್ಚಾದಷ್ಟೂ ಬಿಸ್ಕೆಟ್ ಬೇಗ ಕಪ್ಪಗಾಗುತ್ತದೆ. ಮೊದಲೇ ಕಂದಾದ ಹಿಟ್ಟಿಗೆ ಅದು ಬೇಡದ ಸಹಾಯ.

ಹಿಟ್ಟನ್ನು ಎರಡು ಬಟರ್ ಪೇಪರ್‌ಗಳ ನಡುವೆ 5 ಮಿ.ಮೀ.ಗೆ ಲಟ್ಟಿಸಿ, ಆಮೇಲೆ ಫ್ರಿಜ್ಜಿನಲ್ಲಿ 40 ನಿಮಿಷ ಇಡಿ. ಉಂಡೆಯಾಗಿ ತಣಿಸಿ ನಂತರ ಲಟ್ಟಿಸಲು ಹೊರಟರೆ ಕಲ್ಲಿನಂತಾದ ಹಿಟ್ಟು ಅಂಚಿನಲ್ಲಿ ಸೀಳುತ್ತದೆ, ಮೆತ್ತಗಾಗುವಷ್ಟರಲ್ಲಿ ಹೊರಭಾಗ ಕರಗಿರುತ್ತದೆ. ರಾತ್ರಿಯಿಡೀ ಇಟ್ಟರೆ ಮಸಾಲೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಕೊರೆಯಲು ಅಚ್ಚು ಇಲ್ಲದಿದ್ದರೆ ಸ್ಟೀಲ್ ಲೋಟದ ಬಾಯಿ ಸಾಕು.

ಒಟಿಜಿಯನ್ನು ಮೇಲೆ-ಕೆಳಗೆ ಎರಡೂ ಕಾಯಿಲ್ ಹಾಕಿ 165 ಡಿಗ್ರಿಗೆ 15 ನಿಮಿಷ ಮುಂಚಿತವಾಗಿ ಕಾಯಿಸಿ. ಸಂಜೆ ವೋಲ್ಟೇಜ್ ಇಳಿಯುವ ಜಾಗಗಳಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಒಳಗೆ ನೇತುಹಾಕುವ ಥರ್ಮಾಮೀಟರ್ ನೋಡಿ, ಸಣ್ಣ ಒಟಿಜಿಗಳಲ್ಲಿ 15-20 ಡಿಗ್ರಿ ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಬಿಳಿ ಸಕ್ಕರೆಯ ಬಿಸ್ಕೆಟ್ 175-180 ಡಿಗ್ರಿಗೂ ತಡೆಯುತ್ತದೆ, ಇದು ತಡೆಯದು. ತೆಂಗಿನ ಸಕ್ಕರೆಯಲ್ಲಿ ಸುಕ್ರೋಸಿನ ಜೊತೆ ಸ್ವಲ್ಪ ಗ್ಲೂಕೋಸ್, ಫ್ರಕ್ಟೋಸ್ ಇರುತ್ತವೆ. ಅವು ಹಿಟ್ಟಿನ ಪ್ರೋಟೀನಿನ ಜೊತೆ ಸೇರಿ ಬೇಗ ಬಣ್ಣ ಕಟ್ಟುತ್ತವೆ. ನಡುವಿನ ಹಂತದಲ್ಲಿ ಟ್ರೇ ಇಟ್ಟು, ಎಂಟನೇ ನಿಮಿಷಕ್ಕೆ ಹಿಂದುಮುಂದು ತಿರುಗಿಸಿ, ಒಟ್ಟು 14ರಿಂದ 16 ನಿಮಿಷ. ಕಪ್ಪು ಬಣ್ಣದ ನಾನ್‌ಸ್ಟಿಕ್ ಟ್ರೇ ಬಿಸಿಯನ್ನು ಹೆಚ್ಚು ಹೀರುತ್ತದೆ, ತಳ ಸೀಯುತ್ತದೆ. ಸಾದಾ ಅಲ್ಯುಮಿನಿಯಂ ಟ್ರೇ ಇದ್ದರೆ ಅದನ್ನೇ ಬಳಸಿ.

ಬೆಂದದ್ದು ಗೊತ್ತಾಗುವುದು ಹೇಗೆ? ಬಣ್ಣ ಹೇಳುವುದಿಲ್ಲ. ಅಂಚು ಬೆರಳಿಗೆ ಗಟ್ಟಿ, ನಡುಭಾಗ ತುಸು ಬಗ್ಗುವಂತೆ ಇದ್ದು, ಚಪ್ಪಟೆ ಚಮಚ ತಾಗಿಸಿದಾಗ ತಳ ಬಿಟ್ಟು ಸರಿದರೆ ಆಯಿತು. ಇನ್ನೂ ಖಚಿತ ಬೇಕಾದವರು ತೂಗಬಹುದು. ಹನ್ನೆರಡು ಬಿಸ್ಕೆಟಿನ ಹಸಿ ತೂಕ 144 ಗ್ರಾಂ ಇದ್ದರೆ ಬೆಂದ ಮೇಲೆ 128-130ರ ಆಸುಪಾಸು ಇರಬೇಕು. ಹೋದದ್ದು ನೀರು. 135ರ ಮೇಲಿದ್ದರೆ ಒಳಗೆ ತೇವ ಉಳಿದಿದೆ, ನಾಳೆಗೆ ಮೆತ್ತಗಾಗುತ್ತದೆ. ಆಗ ಉಷ್ಣತೆಯನ್ನು 140ಕ್ಕೆ ಇಳಿಸಿ ಮತ್ತೆ ಮೂರು ನಿಮಿಷ ಇಡಿ. ಹೊರತೆಗೆದ ಕೂಡಲೇ ಎಲ್ಲ ಬಿಸ್ಕೆಟ್ಟೂ ಮೆತ್ತಗೇ ಇರುತ್ತದೆ, ಕರಗಿದ ಸಕ್ಕರೆ ತಣಿದು ಗಟ್ಟಿಯಾಗಲು ಟ್ರೇಯಲ್ಲಿ ಐದು ನಿಮಿಷ, ಜಾಲರಿಯ ಮೇಲೆ ಅರ್ಧ ಗಂಟೆ ಬೇಕು. ಮೆತ್ತಗಿದೆ ಎಂದು ಗಾಬರಿಬಿದ್ದು ಮತ್ತೆ ಒಳಗಿಟ್ಟು ಸುಟ್ಟುಕೊಳ್ಳುವವರೇ ಜಾಸ್ತಿ.

ಒಟಿಜಿ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಅಥವಾ ಕಲ್ಲುಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಾಡಬಹುದು. ಸಣ್ಣ ಉರಿಯಲ್ಲಿ 20-25 ನಿಮಿಷ ಬೇಕು. ಮೇಲೆ ಬಣ್ಣ ಬರುವುದಿಲ್ಲ, ತಳವನ್ನು ಆಗಾಗ ನೋಡುತ್ತಿರಬೇಕು.

ಬೆಣ್ಣೆಯ ಬದಲು ತುಪ್ಪ ಹಾಕುವವರು 82 ಗ್ರಾಂ ತುಪ್ಪಕ್ಕೆ ಹಾಲನ್ನು 35 ಮಿ.ಲೀ. ಮಾಡಿಕೊಳ್ಳಿ, ಬೆಣ್ಣೆಯಲ್ಲಿದ್ದ ನೀರಿನ ಲೆಕ್ಕ ಅದರಿಂದ ಸರಿಹೋಗುತ್ತದೆ. ತೆಂಗಿನ ಸಕ್ಕರೆಗೆ ತೆಂಗಿನೆಣ್ಣೆಯೇ ಜೋಡಿ ಎಂದು ಆಸೆಪಡುವುದು ಸಹಜ. ಆದರೆ ತೆಂಗಿನೆಣ್ಣೆ 24-25 ಡಿಗ್ರಿಗೇ ಕರಗುತ್ತದೆ, ನಮ್ಮಲ್ಲಿ ವರ್ಷದ ಹೆಚ್ಚು ದಿನ ಅದು ನೀರೇ. ಹಿಟ್ಟು ಕೈಗೆ ಎಣ್ಣೆ ಬಿಡುತ್ತದೆ, ಟ್ರೇಯಲ್ಲಿ ಹರಡುತ್ತದೆ. ಹಟವಿದ್ದರೆ ಮೂರನೇ ಒಂದು ಭಾಗ ತೆಂಗಿನೆಣ್ಣೆ, ಉಳಿದದ್ದು ಬೆಣ್ಣೆ. ಕೊರೆದ ಬಿಸ್ಕೆಟನ್ನು ಟ್ರೇ ಸಮೇತ ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ನೇರ ಒಟಿಜಿಗೆ ಹಾಕಿ.

ಇದೇ ಅಳತೆಯಲ್ಲಿ ಸಕ್ಕರೆ ಮಾತ್ರ ಬದಲಿಸಿ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟ. ಬಿಳಿ ಸಕ್ಕರೆಯದು ಹೆಚ್ಚು ಅಗಲಕ್ಕೆ ಹರಡಿ, ತೆಳ್ಳಗೆ, ಬಿಸಿ ಆರಿದಾಗ ಚಟ್ಟನೆ ಮುರಿಯುತ್ತದೆ. ಶುಂಠಿಯ ಖಾರ ಮುಂದೆ, ಸಿಹಿ ಹಿಂದೆ. ಬೆಲ್ಲದ ಹುಡಿಯದು ಮೊದಲ ದಿನ ಪರಮಾಯಿಷಿ, ಮರುದಿನ ಮೆತ್ತಗೆ, ಬೆಲ್ಲದ ಉಪ್ಪಿನಂಶವೂ ನಾಲಿಗೆಗೆ ತಾಗುತ್ತದೆ. ಓಲೆಬೆಲ್ಲದ್ದು ಹೊಗೆ ವಾಸನೆಯಲ್ಲಿ ಏಲಕ್ಕಿಯನ್ನು ಮುಳುಗಿಸುತ್ತದೆ. ತೆಂಗಿನ ಸಕ್ಕರೆಯದು ಕಡಿಮೆ ಹರಡಿ ಕೊರೆದ ಆಕಾರವನ್ನು ಉಳಿಸಿಕೊಳ್ಳುತ್ತದೆ, ಒಳಗೆ ಮರಳುಮರಳಾಗಿ ಕರಗುತ್ತದೆ, ಸಿಹಿ ತುಸು ಕಡಿಮೆ, ಕೊನೆಯಲ್ಲಿ ಸುಟ್ಟ ಪಾಕದ ಸಣ್ಣ ಕಹಿ. ಶುಂಠಿ, ಚಕ್ಕೆ, ಒಳ್ಳೆಮೆಣಸಿಗೆ ಇದರಷ್ಟು ಹೊಂದುವ ಸಿಹಿ ಮತ್ತೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಏಲಕ್ಕಿ ಒಂದನ್ನೇ ಹಾಕುವ ನಾಜೂಕಿನ ಬಿಸ್ಕೆಟಿಗೆ, ನಾನ್‌ಖಟಾಯಿಗೆ ಈ ಸಕ್ಕರೆ ಬೇಡ. ಅಲ್ಲಿ ಇದರ ರುಚಿ ಮೇಲೇರಿ ಕೂರುತ್ತದೆ, ದುಡ್ಡೂ ದಂಡ.

ಇಟ್ಟುಕೊಳ್ಳುವ ವಿಷಯದಲ್ಲಿ ನಮ್ಮ ಮಳೆಗಾಲ ಉದಾರಿಯಲ್ಲ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಜಿಲ್ಲೆಯಲ್ಲಿ ಬಿಸ್ಕೆಟ್ ತೆರೆದ ತಟ್ಟೆಯಲ್ಲಿ ಒಂದು ರಾತ್ರಿಯೂ ನಿಲ್ಲದು. ಪೂರ್ತಿ ತಣಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿ ಸಣ್ಣದಾದಷ್ಟೂ ಒಳ್ಳೆಯದು, ಪ್ರತಿ ಸಲ ಮುಚ್ಚಳ ತೆಗೆದಾಗ ಒಳಗೆ ಹೋಗುವ ತೇವದ ಗಾಳಿ ಕಡಿಮೆ. ಬೇಸಗೆಯಲ್ಲಿ ಎರಡು ಮೂರು ವಾರ ಗರಿಗರಿ ಉಳಿಯುತ್ತದೆ, ಆಟಿಯಲ್ಲಿ ಒಂದು ವಾರ ಎಂದಿಟ್ಟುಕೊಳ್ಳಿ. ಮೆತ್ತಗಾದದ್ದನ್ನು 120 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಇಟ್ಟು ಆರಲು ಬಿಟ್ಟರೆ ಮತ್ತೆ ಗರಿಯಾಗುತ್ತದೆ. ಸಕ್ಕರೆಯ ಪ್ಯಾಕೆಟಿಗೂ ಇದೇ ಎಚ್ಚರಿಕೆ ಬೇಕು. ಈ ಪ್ಯಾಕೆಟಿಗೆ ಮತ್ತೆ ಮುಚ್ಚುವ ಜಿಪ್ ಇಲ್ಲ, ಅದೊಂದು ಕೊರತೆ. ಒಡೆದ ದಿನವೇ ಬಾಟಲಿಗೆ ಸುರಿಯದಿದ್ದರೆ ಜುಲೈಯಲ್ಲಿ ವಾರದೊಳಗೆ ಇಡೀ ಪ್ಯಾಕೆಟ್ ಒಂದೇ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಕೆಟ್ಟದ್ದಲ್ಲ, ಹುಳಿ ವಾಸನೆ ಬಾರದಿದ್ದರೆ ಪಾಯಸಕ್ಕೆ ಕರಗಿಸಿ ಬಳಸಬಹುದು, ಬಿಸ್ಕೆಟಿಗೆ ಮಾತ್ರ ಆಗದು.

ಮಳೆಗಾಲದಲ್ಲಾದರೆ 250 ಗ್ರಾಮಿನ ಪ್ಯಾಕೆಟ್ ಕೊಳ್ಳಿ, ಎರಡು ಸಲದ ಬಿಸ್ಕೆಟಿಗೆ ಸಾಕಾಗಿ 50 ಗ್ರಾಂ ಉಳಿಯುತ್ತದೆ. ಬೇಸಗೆಯಲ್ಲಿ 500 ಗ್ರಾಂ ಲಾಭ. ತಯಾರಕರು ಮುಂದಿನ ಅಚ್ಚಿನಲ್ಲಿ ಕಪ್ಪಿನ ಜಾಗದಲ್ಲಿ ಗ್ರಾಂ, ಹೊಂಬಣ್ಣದ ಜಾಗದಲ್ಲಿ 165 ಡಿಗ್ರಿ ಮತ್ತು 14ರಿಂದ 16 ನಿಮಿಷ, ‘ಮಸಾಲೆ ಹುಡಿ’ಯ ಜಾಗದಲ್ಲಿ ಐದು ಹೆಸರುಗಳನ್ನು ಹಾಕಲಿ, ಅದನ್ನು ಕನ್ನಡದಲ್ಲೂ ಹಾಕಲಿ. ಈಗಿನ ರೆಸಿಪಿ ಹಿಡಿದಷ್ಟೇ ಜಾಗದಲ್ಲಿ ಇದೂ ಹಿಡಿಯುತ್ತದೆ.